ಬಿಕ್ಕಳಿಕೆ ಬಾರದ ಫೈನಲ್

ನಮ್ಮೂರಿನಲ್ಲಿ ಯಾರನ್ನಾದರೂ ನೆನೆದರೆ ಅವರಿಗೆ ಬಿಕ್ಕಳಿಕೆ ಬರುತ್ತದೆ. ಬೇರೆ ಊರುಗಳಲ್ಲೂ ಹೀಗೆ ಹೇಳುವುದುಂಟಂತೆ, ಆದರೆ ಅಲ್ಲಿ ಅದು ಬರೀ ಮಾತು. ನಮ್ಮಲ್ಲಿ ನಿಜಕ್ಕೂ ಬರುತ್ತದೆ. ಒಬ್ಬರು ನೆನೆದರೆ ಒಂದು, ಹತ್ತು ಜನ ನೆನೆದರೆ ಹತ್ತು. ಅದಕ್ಕೇ ಕ್ಷೌರದಂಗಡಿಯ ಬಾಗಿಲಲ್ಲಿ ‘ಕೈಯಲ್ಲಿ ಕತ್ತಿ ಇದೆ, ದಯವಿಟ್ಟು ನನ್ನನ್ನು ನೆನೆಯಬೇಡಿ’ ಎಂಬ ಬೋರ್ಡಿದೆ. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ‘ಎಲ್ಲರೂ ಐದು ನಿಮಿಷ ಊಟದ ಬಗ್ಗೆ ಯೋಚನೆ ಮಾಡಿ’ ಎನ್ನುತ್ತಾರೆ. ಜನ ಹೇಗೂ ಅದನ್ನೇ ಮಾಡುತ್ತಿರುತ್ತಾರೆ. ಪ್ರೀತಿ ಮಾಡುವವರು ಮನೆಯಲ್ಲಿ ಸಿಕ್ಕಿಬೀಳುವುದೂ ಹೀಗೆಯೇ. ಊಟಕ್ಕೆ ಕೂತ ಮಗಳು ಸಾಲಾಗಿ ಮೂರು ಸಲ ಬಿಕ್ಕಳಿಸಿದರೆ ಅಪ್ಪ ತಟ್ಟೆ ಬಿಟ್ಟೆದ್ದು ಕಿಟಕಿಯಾಚೆ ಯಾರಿದ್ದಾರೆಂದು ನೋಡುತ್ತಾನೆ. ಉಳಿದಂತೆ ನಮಗೇನೂ ತೊಂದರೆಯಿಲ್ಲ. ತೊಂದರೆಯಾದದ್ದು ಫುಟ್‌ಬಾಲಿಗೆ.

ನಾನು ಚೆಲುವಮ್ಮ. ಊರವರ ಬಾಯಲ್ಲಿ ಗಿರಣಿ ಚೆಲುವಕ್ಕ. ಫುಟ್‌ಬಾಲ್ ಮೈದಾನದ ಗೋಡೆಗೆ ಬೆನ್ನು ಕೊಟ್ಟುಕೊಂಡೇ ನಮ್ಮ ಹಿಟ್ಟಿನ ಗಿರಣಿ ಇದೆ. ನನ್ನ ಗಂಡ ಭುಜಂಗ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗಿರಣಿಯಲ್ಲಿ ಮೂಟೆ ಎತ್ತುತ್ತಿದ್ದರು, ಸಂಜೆ ಗೋಡೆಯಾಚೆ ಹೋಗಿ ಚೆಂಡು ಹಿಡಿಯುತ್ತಿದ್ದರು. ಹದಿನಾರು ವರ್ಷದಿಂದ ಅವರೇ ‘ಗೆಳೆಯರ ಬಳಗ’ದ ಗೋಲಿ. ನಮ್ಮೂರಿಗಿರುವುದು ಅದೊಂದೇ ತಂಡ.

ಬಳಗದವರ ಆಟ ವಿಚಿತ್ರ. ಯಾರೂ ನೋಡಲು ಬಾರದ ಪಂದ್ಯಗಳಲ್ಲಿ ಅವರು ಹುಲಿಗಳು. ಬುಧವಾರ ಮಧ್ಯಾಹ್ನ ಬಿಸಿಲಲ್ಲಿ, ಎರಡು ಎಮ್ಮೆ ಮತ್ತು ಒಬ್ಬ ಐಸ್‌ಕ್ಯಾಂಡಿಯವನ ಎದುರು, ಎಂತೆಂಥ ತಂಡಗಳಿಗೆ ಆರು ಏಳು ಗೋಲು ಹೊಡೆದು ಕಳಿಸಿದ್ದಾರೆ. ಫೈನಲ್ ಬಂತೆಂದರೆ ಮುಗಿಯಿತು. ಏಳು ಸಲ ಫೈನಲ್ ಮುಟ್ಟಿದ್ದರು, ಏಳು ಸಲವೂ ಸೋತಿದ್ದರು. ಸೋಲಿಸಿದ್ದು ಏಳು ಸಲವೂ ಹೊಳೆಯ ಆಚೆದಡದವರೇ. ಆಚೆದಡದವರಿಗೆ ನಮ್ಮಂತೆ ಬಿಕ್ಕಳಿಕೆಯ ಕಾಟವಿಲ್ಲ. ಯಾರು ನೆನೆದರೂ, ಯಾರು ಶಪಿಸಿದರೂ ಅವರ ಪಾಡಿಗೆ ಅವರು ಆಡಿಕೊಂಡಿರುತ್ತಾರೆ. ನಮ್ಮವರು ಹಾಗಲ್ಲ. ಫೈನಲ್ ದಿನ ಊರಿಗೆ ಊರೇ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಹನ್ನೊಂದು ಜನವೂ ಮಳೆ ಬಿದ್ದ ಮೇಲಿನ ಕಪ್ಪೆಗಳ ಹಾಗೆ ಹಿಕ್ ಹಿಕ್ ಎನ್ನುತ್ತಾ ಓಡಾಡುತ್ತಿರುತ್ತಾರೆ. ಏಳನೆಯ ಫೈನಲಿನಲ್ಲಿ ಕ್ಯಾಪ್ಟನ್ ಸಿಕಂದರ್ ಪೆನಾಲ್ಟಿ ಹೊಡೆಯುವಾಗ ಸರಿಯಾಗಿ ಕಾಲೆತ್ತಿದ ಗಳಿಗೆಗೆ ಬಿಕ್ಕಳಿಸಿದ. ಚೆಂಡು ಗೋಲಿನ ಕಡೆ ಹೋಗದೆ ನಿಂಬೆ ಶರಬತ್ತಿನವನ ಕೊಡಕ್ಕೆ ಬಡಿಯಿತು.

ಹಾಗಾದರೆ ಸೋಲಿಗೆ ಕಾರಣ ಬಿಕ್ಕಳಿಕೆಯೇ ಎಂದು ನೀವು ಹೇಳಬಹುದು. ನಮ್ಮೂರಿನಲ್ಲಿ ಅರ್ಧ ಜನ ಅದನ್ನು ಒಪ್ಪುವುದಿಲ್ಲ. ಆ ಅರ್ಧಕ್ಕೆ ಮುಖಂಡರು ಅಂತಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರಾದವರು. ನನ್ನ ಗಂಡನನ್ನು ಎಂಟನೇ ಕ್ಲಾಸಿನಲ್ಲಿ ಕಿವಿ ಹಿಡಿದೆಳೆದು ಗೋಲಿನ ಮುಂದೆ ನಿಲ್ಲಿಸಿದವರು ಅವರೇ. ಇನ್ನರ್ಧಕ್ಕೆ ಮುಖಂಡ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವ ವಿಠೋಬಣ್ಣ. ಇಬ್ಬರ ಮನೆಯ ಹಿಟ್ಟೂ ನಮ್ಮಲ್ಲೇ ಬೀಸುವುದು. ಬೀಸಿದ ಮೇಲೂ ಇಬ್ಬರೂ ಮನೆಗೆ ಹೋಗುತ್ತಿರಲಿಲ್ಲ. ಗಿರಣಿಯ ಬೆಂಚಿನ ಮೇಲೆ ಒಬ್ಬರು ಈ ತುದಿ, ಒಬ್ಬರು ಆ ತುದಿ ಕೂತು, ಗಿರಣಿಯ ಸದ್ದಿಗಿಂತ ಮೇಲೆ ಗಂಟಲೇರಿಸಿ ಕೂಗಾಡುತ್ತಿದ್ದರು.

“ಬಿಕ್ಕಳಿಕೆ ನೆಪ ಕಣಯ್ಯಾ! ಎದೆ ಇಲ್ಲ, ಎದೆ! ಹೋದ್ವರ್ಷದ ಸೆಮಿಫೈನಲ್‌ನಲ್ಲಿ ಸಿಕಂದರ್ ನಿಮಿಷಕ್ಕೆ ಇಪ್ಪತ್ತು ಸಲ ಬಿಕ್ಕಳಿಸಿದ. ನಾನೇ ಎಣಿಸಿದ್ದೀನಿ. ಆದ್ರೂ ಎರಡು ಗೋಲು ಹೊಡೀಲಿಲ್ವಾ?”

“ಎಣಿಸ್ತಾ ಕೂತಿದ್ರಿ ಅಂದ್ರೆ ಆ ಇಪ್ಪತ್ತರಲ್ಲಿ ಹತ್ತು ನಿಮ್ಮವೇ ಮೇಷ್ಟ್ರೇ! ಫೈನಲ್‌ನಲ್ಲಿ ಊರೆಲ್ಲಾ ಸೇರಿ ನೆನೆಯುತ್ತೆ. ನಾವೇ ನಮ್ಮ ಹುಡುಗರ ಕತ್ತು ಹಿಸುಕ್ತಿರೋದು!”

“ಏನಂದೆ?”

“ಕತ್ತು! ಕತ್ತು ಹಿಸುಕ್ತಿದೀವಿ ಅಂದೆ!”

ಒಂದು ಶನಿವಾರ ಮೇಷ್ಟ್ರು ಇದೇ ವಾದದಲ್ಲಿ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಪ್ರಾಣ ಹೋಗುವಂತೆ ಕಿರುಚುತ್ತಿದ್ದರು. ಆಗಲೇ ಕರೆಂಟು ಹೋಯಿತು. ಗಿರಣಿ ಗಪ್ಪೆಂದು ನಿಂತಿತು. ಆ ಮೌನದಲ್ಲಿ ಅವರ ಮಾತು ಬೀದಿಯ ಆ ತುದಿಯವರೆಗೂ ಕೇಳಿಸಿತು: “ಎಲ್ಲಾ ಪುಕ್ಕಲರು! ಅದರಲ್ಲೂ ಆ ಗೋಲಿ ಭುಜಂಗ ಪುಕ್ಕಲರಿಗೆ ರಾಜ!”

ನನ್ನ ಗಂಡ ಹೆಗಲ ಮೇಲೆ ಮೂಟೆ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಅವರು ಮೂಟೆಯನ್ನು ಮೆಲ್ಲಗೆ ಇಳಿಸಿ, ಗೋಡೆ ಪಕ್ಕದ ಡಬ್ಬಿಯನ್ನು ತೆಗೆದು ಮೇಷ್ಟ್ರ ಕೈಗಿತ್ತರು. “ನಿಮ್ಮ ಗೋಧಿಹಿಟ್ಟು ಮೇಷ್ಟ್ರೇ. ಸಣ್ಣಗೆ ಬೀಸಿದೀವಿ” ಎಂದರು. ಮೇಷ್ಟ್ರು ಡಬ್ಬಿ ಎದೆಗವಚಿಕೊಂಡು ಹೊರಟುಹೋದರು.

ಅವತ್ತು ಸಂಜೆ ನನ್ನ ಗಂಡ ಆಟಕ್ಕೆ ಹೋಗಲಿಲ್ಲ. ಅಡುಗೆಮನೆ ಹೊಸ್ತಿಲ ಮೇಲೆ ಕೂತು ಕೈಬೆರಳಿನ ಗೆಣ್ಣುಗಳನ್ನು ನೋಡಿಕೊಳ್ಳುತ್ತಿದ್ದರು.

“ಮೇಷ್ಟ್ರ ಮಾತು ಮನಸ್ಸಿಗೆ ಹಚ್ಕೋಬೇಡಿ” ಅಂದೆ.

“ಅವರು ಹೇಳಿದ್ದು ಸುಳ್ಳು ಅಂತ ನನಗೇ ಗೊತ್ತಿದ್ರೆ ಹಚ್ಕೋತಿರಲಿಲ್ಲ ಚೆಲುವಿ” ಎಂದರು. “ಗೊತ್ತಿಲ್ವಲ್ಲ. ಫೈನಲ್‌ನಲ್ಲಿ ಚೆಂಡು ಕೈಜಾರುತ್ತೆ. ಬಿಕ್ಕಳಿಕೆಗೆ ಜಾರ್ತೋ, ನನ್ನ ಭಯಕ್ಕೆ ಜಾರ್ತೋ, ನನಗೇ ತಿಳಿಯಲ್ಲ. ಈ ವರ್ಷಕ್ಕೆ ನನ್ನದು ಮುಗೀತು. ಮುಂದಿನ ವರ್ಷಕ್ಕೆ ಬೇರೆ ಗೋಲೀನ ನೋಡಿಟ್ಟಿದಾರೆ. ಒಂದೇ ಒಂದು ಫೈನಲ್ ಬಿಕ್ಕಳಿಕೆ ಇಲ್ಲದೆ ಆಡಬೇಕು. ಸೋತ್ರೂ ಚಿಂತೆಯಿಲ್ಲ, ಸೋತದ್ದು ನಾನೇ ಅಂತ ಗೊತ್ತಾಗಲಿ.”

ನಾನು ಈ ಮಾತನ್ನು ವಿಠೋಬಣ್ಣನಿಗೆ ಹೇಳಿದೆ. ವಿಠೋಬಣ್ಣ ಊರಿಗೆಲ್ಲ ಹೇಳಿದ. ಮೂರು ದಿನದಲ್ಲಿ ಮೈದಾನದ ಪಕ್ಕದ ಕಟ್ಟೆಯ ಮೇಲೆ ಸಭೆ ಸೇರಿ ತೀರ್ಮಾನವಾಯಿತು: ಸೆಮಿಫೈನಲಿಗೆ ಊರಿನವರು ಯಾರೂ ಹೋಗಕೂಡದು, ಪಂದ್ಯ ನಡೆಯುವಷ್ಟು ಹೊತ್ತು ಯಾರೂ ಆಟಗಾರರನ್ನು ನೆನೆಯಲೂ ಕೂಡದು. ಮನಸ್ಸು ಅತ್ತ ಹರಿಯದಂತೆ ಎಲ್ಲರೂ ಶಾಲೆಯ ಅಂಗಳದಲ್ಲಿ ಕೂತು ಗಟ್ಟಿಯಾಗಿ ಮಗ್ಗಿ ಹೇಳಬೇಕು. ಮೇಷ್ಟ್ರು ಇದು ಶುದ್ಧ ಮೂರ್ಖತನ ಎಂದರು, ಆದರೆ ಮಗ್ಗಿ ಹೇಳಿಸಲು ಕೋಲು ಹಿಡಿದು ಅವರೇ ಮುಂದೆ ನಿಂತರು.

ಎರಡರ ಮಗ್ಗಿಯಿಂದ ಹತ್ತರ ಮಗ್ಗಿಯವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಮೈದಾನದಲ್ಲಿ ನಮ್ಮವರು ಒಂದು ಬಿಕ್ಕಳಿಕೆಯೂ ಇಲ್ಲದೆ ಆಡುತ್ತಿದ್ದರಂತೆ. ಇತ್ತ ನಾವು ‘ಹನ್ನೊಂದು ಒಂದ್ಲ ಹನ್ನೊಂದು’ ಎಂದೆವು. ಎಂದದ್ದೇ ತಡ, ಎಲ್ಲರ ಬಾಯಿ ಒಮ್ಮೆಗೇ ನಿಂತಿತು. ಹನ್ನೊಂದು! ಐನೂರು ಜನರ ಕಣ್ಣ ಮುಂದೆ ಹಳದಿ ಬನಿಯನ್ನಿನ ಹನ್ನೊಂದು ಜನ ಬಂದು ನಿಂತರು. ಅಲ್ಲಿ ಹನ್ನೊಂದು ಜನವೂ ಹೊಟ್ಟೆ ಹಿಡಿದುಕೊಂಡು ಕೂತರಂತೆ. ಅದೃಷ್ಟಕ್ಕೆ ಎದುರಾಳಿ ತಂಡದವನೊಬ್ಬ ನಮ್ಮವರ ಅವಸ್ಥೆ ನೋಡಿ ಬಿದ್ದು ಬಿದ್ದು ನಗುತ್ತಾ ತನ್ನ ಗೋಲಿಗೇ ಚೆಂಡು ಹೊಡೆದುಕೊಂಡ. ಒಂದು ಸೊನ್ನೆಯಲ್ಲಿ ಗೆದ್ದೆವು.

“ನೋಡಿದ್ರಾ, ಬಿಕ್ಕಳಿಕೆ ಬಂದ್ರೂ ಗೆದ್ರು” ಎಂದರು ಮೇಷ್ಟ್ರು. “ನೋಡಿದ್ರಾ, ಬಿಕ್ಕಳಿಕೆ ಬಂದ ಮೇಲೆ ನಮ್ಮವರು ಒಂದು ಗೋಲೂ ಹೊಡೀಲಿಲ್ಲ” ಎಂದ ವಿಠೋಬಣ್ಣ. ವಾದ ಇದ್ದಲ್ಲೇ ಇತ್ತು. ಎದುರಿಗೆ ಎಂಟನೆಯ ಫೈನಲ್ ಇತ್ತು.

ನೆನೆಯಬೇಡಿ ಎಂದರೆ ಜನ ನೆನೆಯುತ್ತಾರೆ ಎಂಬುದಂತೂ ಎಲ್ಲರಿಗೂ ಖಾತ್ರಿಯಾಯಿತು. ನೆನೆಯಬಾರದೆಂಬುದೇ ಮರೆತುಹೋಗುವಂಥದ್ದು ಏನಾದರೂ ಬೇಕಿತ್ತು. ನಾವು ಯೋಚಿಸಿ ಯೋಚಿಸಿ ಸಾಕಾದೆವು. ಕೊನೆಗೆ ವಿಠೋಬಣ್ಣನೇ ಹೇಳಿದ, “ಜನ ಎಲ್ಲಾ ಮರೆಯೋದು ಪಕ್ಕದ ಮನೆ ಜಗಳ ನೋಡುವಾಗ. ನಾನು, ನನ್ನ ಹೆಂಡ್ತಿ ಆಡ್ತೀವಿ. ಭಾನುವಾರ ನಾಲ್ಕು ಗಂಟೆಗೆ, ಚೌಕದ ನಲ್ಲಿ ಹತ್ರ. ತೊಂಬತ್ತು ನಿಮಿಷ ಎಳೀತೀವಿ.”

ಅವನ ಹೆಂಡತಿ ಗೋದಕ್ಕ ಮಿತಭಾಷಿ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳ ದನಿ ಆಚೆ ಮನೆಗೆ ಕೇಳಿಸಿದ್ದಿಲ್ಲ. ಜಗಳ ಆಡಲು ಬರುತ್ತದೋ ಇಲ್ಲವೋ ಎಂದು ನಮಗೆ ಅನುಮಾನ. ಹೋಗಿ ಕೇಳಿದೆ. ಅವಳು ಬೇಳೆ ಆರಿಸುತ್ತಾ, “ಏನಂತ ಜಗಳ ಆಡಬೇಕಂತೆ?” ಎಂದಳು.

“ಸಾರಿಗೆ ಉಪ್ಪು ಜಾಸ್ತಿ ಅಂತ ಅಣ್ಣ ಶುರು ಮಾಡ್ತಾನಂತೆ. ನೀನು ಸ್ವಲ್ಪ ಎದುರುತ್ತರ ಕೊಟ್ರೆ ಸಾಕು.”

“ಸ್ವಲ್ಪ?” ಎಂದಳು ಗೋದಕ್ಕ. ಆಮೇಲೆ “ಆಗಲಿ” ಎಂದಳು. ಅವಳ ಮುಖದಲ್ಲಿ ಏನೋ ಇತ್ತು, ನಾನು ಗಮನಿಸಬೇಕಾಗಿತ್ತು.

ಫೈನಲ್ ಭಾನುವಾರ ನಮ್ಮ ಮೈದಾನದಲ್ಲೇ ಇತ್ತು. ಹೊರಡುವ ಮುಂಚೆ ನನ್ನ ಗಂಡ ನನಗೆ ಬೇರೆಯಾಗಿ ಹೇಳಿದರು, “ನೀನು ಚೌಕಕ್ಕೂ ಹೋಗಬೇಡ. ಗಿರಣಿ ಹಾಕ್ಕೊಂಡು ಕೂತ್ಕೋ. ಊರವರದ್ದು ಒಂದು ತೂಕ ಆದ್ರೆ ನಿನ್ನದು ಒಂದು ತೂಕ. ನೀನು ನೆನೆದ್ರೆ ಹೊಟ್ಟೆಯ ಬುಡದಿಂದ ಬರುತ್ತೆ.” ನನಗೆ ಒಳಗೊಳಗೇ ಖುಷಿಯಾಯಿತು. ಹಬ್ಬಕ್ಕೆಂದು ಊರವರು ಕೊಟ್ಟಿದ್ದ ಹುರಿಗಡಲೆ, ರಾಗಿ, ಅಕ್ಕಿ ಎಲ್ಲ ಸಾಲಾಗಿಟ್ಟುಕೊಂಡು ನಾಲ್ಕಕ್ಕೆ ಸರಿಯಾಗಿ ಗಿರಣಿ ಶುರು ಮಾಡಿದೆ. ಐದು ನಿಮಿಷಕ್ಕೆ ಬೆಲ್ಟು ಜಾರಿತು. ಅದನ್ನು ಹತ್ತಿಸಿದರೆ ರಾಗಿಯಲ್ಲಿ ಕಲ್ಲು. ಕಲ್ಲು ಆರಿಸಿದರೆ ಅಕ್ಕಿಯ ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಅದರ ಜೊತೆ ಗುದ್ದಾಡುತ್ತಿದ್ದೆ. ಆಗ ಹಿಂಬಾಗಿಲಲ್ಲಿ ಬೂಟಿನ ಸದ್ದಾಯಿತು.

ನನ್ನ ಗಂಡ ನಿಂತಿದ್ದರು. ಕೈಯಲ್ಲಿ ಗೋಲಿಯ ಕೈಗವಸು, ಮೊಣಕಾಲಲ್ಲಿ ಮಣ್ಣು, ಮುಖ ಬಿಳುಚಿಕೊಂಡಿತ್ತು. ಗೋಡೆ ಹಾರಿ ಬಂದಿದ್ದರು. ನಾನು ಗಿರಣಿ ನಿಲ್ಲಿಸಿದೆ.

“ಅರ್ಧ ಆಟ ಮುಗೀತು” ಎಂದರು. “ಊರಿಗೆ ಏನಾಗಿದೆ? ಯಾರಿಗಾದ್ರೂ ಏನಾದ್ರೂ ಆಯ್ತಾ?”

“ಏನೂ ಆಗಿಲ್ಲ. ಎಲ್ಲ ಚೌಕದಲ್ಲಿದಾರೆ. ಯಾಕೆ?”

“ಒಂದು ಬಿಕ್ಕಳಿಕೆ ಬರಲಿಲ್ಲ. ಒಬ್ಬರಿಗೂ. ನಲವತ್ತೈದು ನಿಮಿಷ! ಸಿಕಂದರ್ ಎದೆ ಮೇಲೆ ಕೈ ಇಟ್ಕೊಂಡು ನಿಂತುಬಿಟ್ಟಿದಾನೆ. ಚೆಂಡು ಬಂದ್ರೆ ‘ನನಗಾ?’ ಅಂತ ಕೇಳ್ತಾನೆ. ಮೂರು ಗೋಲು ಆಯ್ತು ಚೆಲುವಿ. ಮೂರನೇದು ಉರುಳಿಕೊಂಡು ಬಂತು, ನನ್ನ ಕಾಲ ಸಂದಿಯಲ್ಲಿ ಹೋಯ್ತು. ನೋಡ್ತಾ ನಿಂತಿದ್ದೆ.” ಆಮೇಲೆ “ನೀನೂ ನೆನೀಲಿಲ್ವಾ?” ಎಂದರು.

“ನೀವೇ ಅಲ್ವಾ ನೆನೀಬೇಡ ಅಂದಿದ್ದು?”

“ಅಂದಿದ್ದೆ. ಆದ್ರೆ ಒಂದು ಸಲಾನೂ?”

ನಾನು ಅಕ್ಕಿಯ ಡಬ್ಬಿ ಕೆಳಗಿಟ್ಟೆ. ಸತ್ಯ ಹೇಳಬೇಕೆಂದರೆ ನಾನು ಅವರನ್ನು ನೆನೆಯದಿರಲು ಪ್ರಯತ್ನ ಪಟ್ಟಿರಲೇ ಇಲ್ಲ. ಬೆಲ್ಟು, ಕಲ್ಲು, ಮುಚ್ಚಳ, ಇಷ್ಟರಲ್ಲೇ ಅವರು ತಲೆಯಿಂದ ಪೂರ್ತಿ ಹೋಗಿಬಿಟ್ಟಿದ್ದರು. ಇದನ್ನು ಅವರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬಾರದ ಬಿಕ್ಕಳಿಕೆಯೇ ಹೇಳಿತ್ತು.

“ಬಿಕ್ಕಳಿಕೆ ಬಂದ್ರೆ ಚೆಂಡು ಕೈಜಾರುತ್ತೆ, ನಿಜ” ಎಂದರು ಅವರು. “ಆದ್ರೆ ಬರದೇ ಇದ್ರೆ ಅದನ್ನ ಯಾರಿಗೋಸ್ಕರ ಹಿಡೀಬೇಕು ಅಂತಲೇ ತಿಳೀತಿಲ್ಲ. ಅಲ್ಲಿ ಆಚೆದಡದವರು ಮೂರು ದೋಣಿ ತುಂಬ ಬಂದು ಕುಣೀತಿದಾರೆ. ನಮ್ಮ ಕಡೆ ಒಂದು ನಾಯಿ ಮಲಗಿದೆ.”

“ನೀವು ಹೋಗಿ ನಿಂತ್ಕೊಳ್ಳಿ. ನಾನು ಕರ್ಕೊಂಡು ಬರ್ತೀನಿ” ಅಂದೆ. ಹಿಟ್ಟು ಮೆತ್ತಿದ ಸೀರೆಯಲ್ಲೇ ಚೌಕಕ್ಕೆ ಓಡಿದೆ.

ಚೌಕದಲ್ಲಿ ಸಾಸಿವೆ ಹಾಕಲು ಜಾಗವಿರಲಿಲ್ಲ. ಮಹಡಿ ಮೇಲೆ ಜನ, ಮರದ ಮೇಲೆ ಜನ. ನಲ್ಲಿಯ ಕಟ್ಟೆಯ ಮೇಲೆ ಗೋದಕ್ಕ ನಿಂತಿದ್ದಳು. ಕೆಳಗೆ ವಿಠೋಬಣ್ಣ ತಲೆ ತಗ್ಗಿಸಿ ಕೂತಿದ್ದ. ಉಪ್ಪಿನ ವಿಚಾರ ಐದೇ ನಿಮಿಷಕ್ಕೆ ಮುಗಿದುಹೋಗಿತ್ತಂತೆ. ಆಮೇಲೆ ಗೋದಕ್ಕ ಹತ್ತೊಂಬತ್ತು ವರ್ಷದ ಸಾಮಾನನ್ನು ಒಂದೊಂದಾಗಿ ಕೆಳಗಿಳಿಸಿದ್ದಳು. ಅವಳ ತಂಗಿಯ ನಿಶ್ಚಿತಾರ್ಥಕ್ಕೆ ಅವನು ಬಾರದೇ ಇದ್ದದ್ದು, ಬಚ್ಚಲಲ್ಲಿ ಕೂತು ಕ್ಲಾರಿಯೊನೆಟ್ ಊದಿ ಹಂಡೆಯ ನೀರು ಆರಿಸುವುದು, ಎಲ್ಲ ಆಗಿತ್ತು. ನಾನು ಹೋದಾಗ ಅವಳು ಮುಖ್ಯ ವಿಷಯಕ್ಕೆ ಬಂದಿದ್ದಳು.

“ಮೂರು ತಿಂಗಳು ತವರಿನಲ್ಲಿದ್ದೆ ನಾನು! ಮೂರು ತಿಂಗಳು! ಒಂದು ಬಿಕ್ಕಳಿಕೆ ಬರಲಿಲ್ಲ. ನಮ್ಮಮ್ಮ ದಿನಾ ಬಂದು ಮುಖ ನೋಡೋಳು, ‘ಬಂತಾ ಗೋದಾ, ಬಂತಾ’ ಅಂತ. ಕೊನೆಗೆ ಒಂದಿನ ಸುಳ್ಳುಸುಳ್ಳೇ ಬಿಕ್ಕಳಿಸಿದೆ, ಮುದುಕಿ ಸಮಾಧಾನಕ್ಕೆ!”

ಜನರೆಲ್ಲ “ಅಯ್ಯೋ” ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಮುಂದೆ, ನಲ್ಲಿಗೆ ಒರಗಿಕೊಂಡು ಅಂತಪ್ಪ ಮೇಷ್ಟ್ರು ನಿಂತಿದ್ದರು. ಅವರು ಯಾರ ಮಾತಿಗೂ ಸೊಪ್ಪು ಹಾಕದೆ ಪಂದ್ಯಕ್ಕೇ ಹೋಗುತ್ತೇನೆಂದು ನಾಲ್ಕು ಗಂಟೆ ಹೊತ್ತಿಗೆ ಕೊಡೆ ಹಿಡಿದು ಮನೆ ಬಿಟ್ಟಿದ್ದವರು. ದಾರಿಯಲ್ಲಿ ಗೋದಕ್ಕನ ದನಿ ಕೇಳಿ ಒಂದು ನಿಮಿಷ ನಿಂತರಂತೆ. ಇನ್ನೂ ನಿಂತಿದ್ದರು.

“ಆಗ ಫುಟ್‌ಬಾಲ್ ಸೀಸನ್ ಇತ್ತು ಕಣೇ” ಎಂದ ವಿಠೋಬಣ್ಣ, ಬಹಳ ಸಣ್ಣ ದನಿಯಲ್ಲಿ.

ಆ ಒಂದು ಮಾತು ಅವನು ಆಡಬಾರದಿತ್ತು. ಇಡೀ ಚೌಕ ಅವನತ್ತ ತಿರುಗಿತು. ಅದೇ ಗಳಿಗೆ ಸಿಕ್ಕಿದ್ದೆಂದು ನಾನು ಗಂಟಲು ಹರಿಯುವಂತೆ ಕೂಗಿದೆ, “ಮೂರು ಗೋಲು ಆಗಿದೆ ಅಲ್ಲಿ! ಅವರಿಗೆ ಬಿಕ್ಕಳಿಕೆ ಬರ್ತಿಲ್ಲ ಅಂತ ಅಳ್ತಾ ನಿಂತಿದಾರೆ! ಬನ್ರೋ!”

ಯಾರೂ ಕದಲಲಿಲ್ಲ. ಒಬ್ಬ ಮುದುಕ ನನಗೆ “ಶ್” ಎಂದ. ಇವರನ್ನು ಕರೆದು ಪ್ರಯೋಜನವಿಲ್ಲ ಎನ್ನಿಸಿತು. ಜನರನ್ನು ತಳ್ಳಿಕೊಂಡು ಹೋಗಿ ಗೋದಕ್ಕನ ಸೆರಗು ಹಿಡಿದೆ. “ಗೋದಕ್ಕಾ, ನಿನ್ನ ಸಂಸಾರ ಹಾಳು ಮಾಡಿದ್ದು ಆ ಫುಟ್‌ಬಾಲ್ ಅಲ್ವಾ? ಅದನ್ನ ಒಂದು ದಿನವಾದ್ರೂ ಕಣ್ಣಾರೆ ನೋಡಿದೀಯಾ?”

ಗೋದಕ್ಕ ಉಸಿರು ಎಳೆದುಕೊಂಡಳು. “ಇಲ್ಲ” ಎಂದಳು. “ನೋಡೇಬಿಡ್ತೀನಿ. ಏಳ್ರೀ ಮೇಲೆ, ನಡೀರಿ. ಉಳಿದದ್ದು ಅಲ್ಲೇ ಆಡ್ತೀನಿ.”

ಅವಳು ಕಟ್ಟೆಯಿಂದ ಇಳಿದು ಹೊರಟಳು. ಹಿಂದೆ ವಿಠೋಬಣ್ಣ, ಅವನ ಹಿಂದೆ ಮೇಷ್ಟ್ರು, ಅವರ ಹಿಂದೆ ಇಡೀ ಊರು. ಒಂದೂ ಮಾತು ತಪ್ಪಿಹೋಗಬಾರದೆಂದು ಹಿಂದಿನವರು ಮುಂದಿನವರನ್ನು ತುಳಿಯುತ್ತಿದ್ದರು. ಹೀಗೆ ನಮ್ಮ ತಂಡದ ಅಭಿಮಾನಿಗಳು ಎಂಟನೆಯ ಫೈನಲಿಗೆ ಒಂದು ಜಗಳದ ಬೆನ್ನು ಹತ್ತಿಕೊಂಡು ಬಂದರು.

ಆಟ ಮುಗಿಯಲು ಇಪ್ಪತ್ತೈದು ನಿಮಿಷವಿತ್ತು. ಗೇಟು ದಾಟಿದ ಜನರ ಕಣ್ಣಿಗೆ ಮೊದಲು ಬಿದ್ದದ್ದು ಸ್ಕೋರ್ ಬೋರ್ಡು, ಆಮೇಲೆ ಹಳದಿ ಬನಿಯನ್ನುಗಳು. ಮೈದಾನದ ನಡುವೆ ಸಿಕಂದರ್ ಒಮ್ಮೆ ಮೈ ಕುಲುಕಿದ. “ಹಿಕ್!” ಅದು ನಮಗೆಲ್ಲ ಕೇಳಿಸಿತು. ಆಮೇಲೆ ಲೆಫ್ಟ್ ಔಟ್, ಆಮೇಲೆ ಬ್ಯಾಕುಗಳು, ಆಮೇಲೆ ಬದಿಯಲ್ಲಿ ಬಾಟಲಿ ಹಿಡಿದು ಕೂತಿದ್ದ ಬದಲಿ ಆಟಗಾರ. ನಾನು ನನ್ನ ಗಂಡನನ್ನು ನೋಡಿದೆ. ಹೊಟ್ಟೆಯ ಬುಡದಿಂದ ಎದ್ದ ಬಿಕ್ಕಳಿಕೆಗೆ ಅವರು ನಿಂತಲ್ಲೇ ಒಂದಡಿ ಹಾರಿದರು. ಮುಖದಲ್ಲಿ ನಗು.

ಆ ಇಪ್ಪತ್ತೈದು ನಿಮಿಷದ ಆಟವನ್ನು ಆಟವೆಂದು ಕರೆಯುವುದು ಕಷ್ಟ. ನಮ್ಮವರ ಕಾಲು ಯಾವಾಗ ಎತ್ತ ಜಿಗಿಯುತ್ತದೆಂದು ನಮ್ಮವರಿಗೇ ತಿಳಿಯುತ್ತಿರಲಿಲ್ಲ; ಆಚೆದಡದವರಿಗೆ ಎಲ್ಲಿಂದ ತಿಳಿಯಬೇಕು? ಆದರೆ ಓಡಿದರು ನೋಡಿ, ಬೆಂಕಿ ಹತ್ತಿದವರ ಹಾಗೆ ಓಡಿದರು. ಸಿಕಂದರ್ ತಲೆಯಿಂದ ಒಂದು ಗೋಲು. ಕಾರ್ನರ್‌ನಿಂದ ಇನ್ನೊಂದು. ಮೂರನೆಯದು ಲೆಫ್ಟ್ ಔಟ್ ಗೆಳೆಯನಿಗೆ ಕೊಡಲು ಹೊಡೆದ ಪಾಸು. ಬಿಕ್ಕಳಿಕೆಗೆ ಕಾಲು ತಿರುಗಿ ಚೆಂಡು ಬಲೆಯ ಮೂಲೆಗೆ ಹೋಗಿ ಕೂತಿತು. ಮೂರು ಮೂರು ಸಮ! ಗೋದಕ್ಕ ಜಗಳ ಮರೆತು ಗಂಡನ ರಟ್ಟೆ ಹಿಡಿದುಕೊಂಡಿದ್ದಳು. “ಆ ಬಲೆ ಮುಂದೆ ಕುಣೀತಿರೋರು ಯಾರು?” ಎಂದು ನನ್ನನ್ನು ಕೇಳಿದಳು. “ನಮ್ಮ ಯಜಮಾನರು” ಅಂದೆ. “ಪಾಪ” ಎಂದಳು.

ಕೊನೆಯ ನಿಮಿಷದಲ್ಲಿ ನಮ್ಮ ಬ್ಯಾಕ್ ಒಬ್ಬ ಬಿಕ್ಕಳಿಸಿ ಎದುರಾಳಿಯ ಮೇಲೆ ಬಿದ್ದ. ರೆಫರಿ ಪೆನಾಲ್ಟಿ ಕೊಟ್ಟರು.

ಆಗ ಬಂತು ನೋಡಿ ಫಜೀತಿ. ಊರೆಲ್ಲ ಸೇರಿ ಒಬ್ಬನನ್ನೇ ನೆನೆಯುವ ಗಳಿಗೆ. ನನ್ನ ಗಂಡ ಬಿಕ್ಕಳಿಸುತ್ತಾ ನಿಂತವರು ನಿಂತಲ್ಲಿ ಒನಕೆಯ ಹಾಗೆ ಏಳುತ್ತಿದ್ದರು, ಬೀಳುತ್ತಿದ್ದರು. ಆಚೆದಡದವನು ಚೆಂಡಿಟ್ಟು ನಗುತ್ತಿದ್ದ. ಮೇಷ್ಟ್ರು ಜನರತ್ತ ತಿರುಗಿ ಎರಡೂ ಕೈ ಬೀಸಿ, “ಕಣ್ಣು ಮುಚ್ಕೊಳ್ರೋ! ಯಾರೂ ನೋಡಬೇಡಿ! ಬೇರೆ ಏನಾದ್ರೂ ನೆನೀರಿ, ನಿಮ್ಮ ದಮ್ಮಯ್ಯ!” ಎಂದು ಕೂಗಿದರು. ಹಾಗೆ ಕೂಗುತ್ತಾ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಬ್ಬರೂ ಕಣ್ಣು ಮುಚ್ಚಲಿಲ್ಲ. ಮೇಷ್ಟ್ರೂ ಮುಚ್ಚಲಿಲ್ಲ.

ಅವನು ಓಡಿಬಂದು ಹೊಡೆದ. ನನ್ನ ಗಂಡ ಬಲಕ್ಕೆ ವಾಲಿದ್ದರು. ಅಷ್ಟರಲ್ಲಿ ಎಂಥ ಬಿಕ್ಕಳಿಕೆ ಬಂತೆಂದರೆ, ಯಾರೋ ಕೊರಳಪಟ್ಟಿ ಹಿಡಿದು ಎಡಕ್ಕೆ ಎಸೆದಂತೆ ಎಡಕ್ಕೆ ಹೋಗಿ ಬಿದ್ದರು. ಚೆಂಡು ಎದೆಗೆ ಬಡಿಯಿತು. ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು ಮಲಗಿದವರು ಏಳಲೇ ಇಲ್ಲ. ರೆಫರಿ ಉದ್ದಕ್ಕೆ ಸೀಟಿ ಊದಿದರು.

ಸಮ ಆದರೆ ಹೆಚ್ಚಿನ ಆಟವಿಲ್ಲ. ಕತ್ತಲಾಗುವುದರೊಳಗೆ ಆಚೆದಡದವರ ದೋಣಿ ಹೊರಡಬೇಕು. ಹಾಗಾಗಿ ಟಾಸ್. ಸಿಕಂದರ್ ಕರೆಯಬೇಕು. ರೆಫರಿ ನಾಣ್ಯ ಹಾರಿಸಿದರು. ಊರಿನ ಅಷ್ಟೂ ಜನ, ಉಳಿದ ಹತ್ತು ಆಟಗಾರರೂ ಸೇರಿ, ಸಿಕಂದರ್‌ನೊಬ್ಬನನ್ನೇ ಮನಸ್ಸಿನಲ್ಲಿ ತುಂಬಿಕೊಂಡೆವು. ಸಿಕಂದರ್ “ಹೆ” ಎಂದ. “ಹಿಕ್” ಎಂದ. ಮತ್ತೆ “ಹೆ” ಎಂದ, ಮತ್ತೆ “ಹಿಕ್”. ಮೂರು ಸಲ ನಾಣ್ಯ ಹಾರಿಸಿದರೂ ಅವನ ಬಾಯಿಂದ ‘ಹೆಡ್’ ಹೊರಡಲಿಲ್ಲ. ರೆಫರಿ ಬೇಸತ್ತು ಆಚೆದಡದ ಕ್ಯಾಪ್ಟನ್ ಕಡೆ ತಿರುಗಿದರು. ಅವನು ತಣ್ಣಗೆ “ಹೆಡ್” ಎಂದ. ಹೆಡ್ಡೇ ಬಿತ್ತು.

ಕಪ್ಪು ಎಂಟನೆಯ ಸಲ ಹೊಳೆ ದಾಟಿತು. ಆದರೆ ಅದಕ್ಕೆ ನಮ್ಮೂರಿನಲ್ಲಿ ಯಾರೂ ಅಳಲಿಲ್ಲ. ನನ್ನ ಗಂಡನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಗೇಟಿನ ಹತ್ತಿರ ಅಂತಪ್ಪ ಮೇಷ್ಟ್ರು ಅಡ್ಡ ನಿಂತು, ಅವರ ಮೊಣಕಾಲಿನ ಮಣ್ಣನ್ನು ತಮ್ಮ ಟವೆಲಿನಿಂದ ಒರೆಸಿದರು. ಅವರನ್ನು ಕೆಳಗಿಳಿಸಿದ ಮೇಲೆ, ಎಂಟನೇ ಕ್ಲಾಸಿನಲ್ಲಿ ಹಿಡಿದಿದ್ದ ಕಿವಿಯನ್ನು ಒಮ್ಮೆ ಮುಟ್ಟಿ ಕೊಡೆ ಬಿಚ್ಚಿಕೊಂಡು ಹೋದರು. ವಿಠೋಬಣ್ಣ, ಗೋದಕ್ಕ ಹಿಂದಿನಿಂದ ಬರುತ್ತಿದ್ದರು. ಗೋದಕ್ಕ ಸಣ್ಣಗೆ ಬಿಕ್ಕಳಿಸಿದಳು.

“ನಾನೇ ಕಣೇ” ಎಂದ ವಿಠೋಬಣ್ಣ.

“ಪಕ್ಕದಲ್ಲೇ ನಡೀತಾ ನೆನೆದ್ರೆ ಏನು ಬಂತು” ಎಂದಳು ಅವಳು. ಎಂದರೂ ಕೈ ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಗಿರಣಿಯ ಬೆಂಚಿನ ಮೇಲೆ ಮತ್ತೆ ಇಬ್ಬರೂ ಹಾಜರು. ಮೇಷ್ಟ್ರು, “ಮೂರು ಗೋಲು ಹಿಂದಿದ್ದು ಸಮ ಮಾಡಿದೋರನ್ನ ಯಾವನಯ್ಯಾ ಪುಕ್ಕಲರು ಅನ್ನೋನು?” ಎಂದು ಸುತ್ತ ನೋಡುತ್ತಿದ್ದರು, ಹಾಗೆಂದವನು ಬೇರೆ ಯಾರೋ ಎಂಬಂತೆ. ವಿಠೋಬಣ್ಣ, “ಬಿಕ್ಕಳಿಕೆ ಇಲ್ಲದಿದ್ರೆ ಟಾಸ್ ನಮ್ಮದೇ” ಎನ್ನುತ್ತಿದ್ದ. ನನ್ನ ಗಂಡ ಮೈಯೆಲ್ಲ ಹಿಟ್ಟು ಮಾಡಿಕೊಂಡು ಮೂಟೆ ಹೊತ್ತು ಬಂದರು. ಹದಿನಾರು ವರ್ಷದಲ್ಲಿ ಅವರು ಆ ವಾದಕ್ಕೆ ಒಂದು ಮಾತು ಸೇರಿಸಿದವರಲ್ಲ. ಅವತ್ತು ಮೂಟೆ ಇಳಿಸಿ, ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತೇಬಿಟ್ಟರು.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದರು. “ಆಟದಲ್ಲಿ ಸರಿ. ಆದ್ರೆ ಮುಖ್ಯವಾದ ಟಾಸ್ ಅಂತ ಬಂದಾಗ ನಮ್ಮವರಿಗೆ ಎದೆ ಇರಲ್ಲ. ಆ ಸಿಕಂದರ್ ಪುಕ್ಕಲ.”

“ಯಾರೋ ಪುಕ್ಕಲ?” ಮೇಷ್ಟ್ರು ಎದ್ದು ನಿಂತರು. “ಗೋಲಿನ ಮುಂದೆ ಆರಾಮಾಗಿ ನಿಂತಿದ್ದ ನಿನಗೇನೋ ಗೊತ್ತು ಟಾಸಿನ ಕಷ್ಟ?”

“ನಾನು ಕಣ್ಣಾರೆ ನೋಡಿದೀನಿ ಮೇಷ್ಟ್ರೇ!”

ಸಾಲಿನಲ್ಲಿ ಆರು ಡಬ್ಬಿಗಳಿದ್ದವು. ನಾನು ಗಿರಣಿ ಹಾಕಿದೆ. ಆಮೇಲೆ ಅವರ ಮಾತು ಕೇಳಿಸಲಿಲ್ಲ, ಮೂರು ಬಾಯಿಗಳು ಆಡುವುದಷ್ಟೇ ಕಾಣುತ್ತಿತ್ತು. ನನ್ನ ಗಂಡ ಬೆಂಚು ಗುದ್ದುತ್ತಿದ್ದರು, ಗುದ್ದಿದಾಗೆಲ್ಲ ಬಿಳಿ ಧೂಳು ಏಳುತ್ತಿತ್ತು. ಅವರ ಮುಖದಲ್ಲಿ ಅಷ್ಟು ಸುಖವನ್ನು ನಾನು ಯಾವ ಪಂದ್ಯದಲ್ಲೂ ಕಂಡಿರಲಿಲ್ಲ. ಆ ದಿನದ ಮೂಟೆಗಳನ್ನೆಲ್ಲ ನಾನೇ ಎತ್ತಬೇಕಾಯಿತು.